ಜಕ್ಕೂರಿನ ಜೊಂಡು, ಜಕ್ಕೂರಿನ ಜನ

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಬೆಂಗಳೂರಿನ ಎಷ್ಟೋ ಕೆರೆಗಳ ತಳ ಬಿರುಕುಬಿಟ್ಟಿರುತ್ತದೆ. ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೋಗುವವರು ಬಳ್ಳಾರಿ ರಸ್ತೆಯಿಂದ ಬಲಕ್ಕೆ ತಿರುಗಿ ಜಕ್ಕೂರು ಕೆರೆಯ ಏರಿ ಹತ್ತಿದರೆ ಬೇರೆಯದೇ ನೋಟ. ಸುಮಾರು 160 ಎಕರೆಯ ಕೆರೆಯಲ್ಲಿ ನೀರು ತುಂಬಿಕೊಂಡಿರುತ್ತದೆ. ಹೆಜ್ಜಾರ್ಲೆಗಳು ಗುಂಪಾಗಿ ಈಜುತ್ತಿರುತ್ತವೆ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ, ಮೀನುಗಾರರು ಬಲೆ ಎಳೆಯುತ್ತಿರುತ್ತಾರೆ.

ಮಳೆಯಿಲ್ಲದ ತಿಂಗಳಲ್ಲಿ ಇಷ್ಟು ನೀರು ಬರುವುದು ಸುತ್ತಲಿನ ಮನೆಗಳಿಂದ. ಬಚ್ಚಲು, ಪಾತ್ರೆ ತೊಳೆಯುವ ಸಿಂಕು, ಶೌಚಾಲಯಗಳಲ್ಲಿ ಬಳಸಿ ಬಿಟ್ಟ ನೀರು ಇದು. ಆ ಕೊಳೆನೀರು ಹಕ್ಕಿ ಇಳಿಯುವ, ಮೀನು ಬೆಳೆಯುವ ನೀರಾಗುವುದಕ್ಕೆ ಇಲ್ಲೊಂದು ವ್ಯವಸ್ಥೆ ಇದೆ. ಅದರಲ್ಲಿ ಯಂತ್ರದ ಪಾಲು ಅರ್ಧ, ಜೊಂಡು ಮತ್ತು ಜನರ ಪಾಲು ಇನ್ನರ್ಧ.

ಕೆರೆಯ ಮೇಲ್ದಂಡೆಯಲ್ಲಿ ಬೆಂಗಳೂರು ಜಲಮಂಡಳಿಯ ಕೊಳಚೆ ನೀರು ಸಂಸ್ಕರಣಾ ಘಟಕವಿದೆ. ದಿನಕ್ಕೆ 1 ಕೋಟಿ ಲೀಟರ್ ಶುದ್ಧೀಕರಿಸುವ ಸಾಮರ್ಥ್ಯದೊಂದಿಗೆ, ಜಲಮಂಡಳಿಯ ಭಾಷೆಯಲ್ಲಿ 10 ಎಂಎಲ್‌ಡಿ ಘಟಕವಾಗಿ, ಅದು ಕೆಲಸ ಶುರುಮಾಡಿತು. ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೊದಲು ಕೊಳೆಯನ್ನು ಕರಗಿಸುತ್ತವೆ. ಆಮೇಲೆ ನೀರಿಗೆ ಗಾಳಿಯೂದಿ ಇನ್ನೊಂದು ಬಗೆಯ ಜೀವಿಗಳ ಕೈಗೆ ಒಪ್ಪಿಸಲಾಗುತ್ತದೆ. ಅಲ್ಲಿಂದ ಹೊರಬರುವ ನೀರು ನೋಡಲು ತಿಳಿಯಾಗಿರುತ್ತದೆ. ಆದರೆ ಅದರಲ್ಲಿ ಸಾರಜನಕ ಮತ್ತು ರಂಜಕದ ಅಂಶ ಕರಗಿಕೊಂಡೇ ಇರುತ್ತದೆ. ನೇರವಾಗಿ ಕೆರೆಗೆ ಬಿಟ್ಟರೆ ಪಾಚಿಗೂ ಕಳೆಗೂ ಅದೇ ಗೊಬ್ಬರ. ಪಾಚಿ ಹಬ್ಬಿ, ಸತ್ತು, ಕೊಳೆತಾಗ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ. ಮೀನುಗಳು ರಾಶಿರಾಶಿಯಾಗಿ ಸತ್ತು ತೇಲುವುದು ಆಗಲೇ.

ಜಕ್ಕೂರಿನಲ್ಲಿ ಘಟಕಕ್ಕೂ ಕೆರೆಗೂ ನಡುವೆ ಒಂದು ಜೌಗು ಪ್ರದೇಶವಿದೆ. ಕೆರೆಯ ಪುನಶ್ಚೇತನದ ಹೊತ್ತಿನಲ್ಲಿ ರೂಪುಗೊಂಡದ್ದು. ನೀರು ಇಲ್ಲಿ ನಿಧಾನವಾಗುತ್ತದೆ, ಹೊತ್ತು ತಂದ ಕಣಗಳು ತಳಕ್ಕಿಳಿಯುತ್ತವೆ. ಆಳೆತ್ತರದ ಜೊಂಡಿನ ಬೇರುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಆಗಿಸುತ್ತವೆ. ಕೆಸರಿನಾಳದಲ್ಲಿ, ಆಮ್ಲಜನಕ ತಲುಪದ ಕಡೆ, ಮತ್ತೊಂದು ಜಾತಿಯ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕ ಮಾತ್ರ ಹೀಗೆ ಹಾರಿಹೋಗುವುದಿಲ್ಲ. ಒಂದು ಪಾಲು ಕೆಸರಿಗೆ ಅಂಟುತ್ತದೆ, ಇನ್ನೊಂದು ಪಾಲನ್ನು ಜೊಂಡೇ ಹೀರಿ ತನ್ನ ಮೈಯಲ್ಲಿಟ್ಟುಕೊಳ್ಳುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿದೆ. ಘಟಕ, ಜೌಗು, ಕೆರೆ ಹೀಗೆ ಹಂತಹಂತವಾಗಿ ದಾಟುತ್ತ ಹೋದಂತೆ ನೀರಿನ ಪೋಷಕಾಂಶ ಇಳಿಯುವುದನ್ನು ಅಳೆದು ತೋರಿಸಿದ ಈ ತಂಡ, ನಗರದ ಬೇರೆ ಕೆರೆಗಳಿಗೂ ಜಕ್ಕೂರನ್ನು ಮಾದರಿಯಾಗಿ ಮುಂದಿಟ್ಟಿತು.

ಉಪಾಯ ಹೊಸದಲ್ಲ. 1950ರ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿ ಕೇಟೆ ಸೈಡಲ್ ಜೊಂಡಿನಿಂದ ಕೊಳಚೆ ನೀರನ್ನು ತಿಳಿಯಾಗಿಸುವ ಪ್ರಯೋಗಗಳನ್ನು ನಡೆಸಿದ್ದರು. ಕೋಲ್ಕತ್ತದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರಿನಲ್ಲಿ ಹರಡಿರುವ ಜೌಗು ಪ್ರದೇಶ ಆ ಮಹಾನಗರದ ಕೊಳಚೆಯಲ್ಲಿ ಮೀನು ಸಾಕುತ್ತ ಬಂದಿದೆ. 2002ರಲ್ಲಿ ಅದಕ್ಕೆ ರಾಮ್ಸರ್ ತಾಣದ ಮನ್ನಣೆ ಸಿಕ್ಕಿತು.

ಆದರೆ ಜೊಂಡು ನೆಟ್ಟು ಮರೆಯುವಂಥದ್ದಲ್ಲ. ಕಾಲಕಾಲಕ್ಕೆ ಕಟಾವು ಮಾಡಿ ಹೊರಗೆ ಸಾಗಿಸದಿದ್ದರೆ ಅದು ಅಲ್ಲೇ ಸತ್ತು ಕೊಳೆತು, ಹೀರಿದ ರಂಜಕವನ್ನೆಲ್ಲ ಮತ್ತೆ ನೀರಿಗೇ ಹಿಂದಿರುಗಿಸುತ್ತದೆ. ಒಳಹರಿವಿನ ಬಾಯಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡರೆ ನೀರು ಜೌಗನ್ನು ತಪ್ಪಿಸಿಕೊಂಡು ಬೇರೆ ದಾರಿ ಹಿಡಿಯುತ್ತದೆ. ಮಳೆಗಾಲದಲ್ಲಿ ರಾಜಕಾಲುವೆಗೆ ಒಳಚರಂಡಿ ಉಕ್ಕಿ ಸೇರಿದರೆ ಶುದ್ಧವಾಗದ ಕೊಳಚೆ ಕೆರೆಗೇ ಬಂದುಬಿಡುತ್ತದೆ. ಇದನ್ನೆಲ್ಲ ದಿನವೂ ಗಮನಿಸುವ ಕಣ್ಣು ಬೇಕು.

ಹಿಂದೆ ಕೆರೆಯ ಮೇಲೆ ಆ ಕಣ್ಣಿಡುತ್ತಿದ್ದವನು ನೀರುಗಂಟಿ. ತೂಬು ಎತ್ತುವುದು, ಗದ್ದೆಗದ್ದೆಗೆ ನೀರು ಹಂಚುವುದು, ಏರಿಯಲ್ಲಿ ಬಿಲ ಬಿದ್ದರೆ ಊರಿಗೆ ತಿಳಿಸುವುದು ಅವನ ಕೆಲಸ. ಅದಕ್ಕೆ ಊರಿನವರು ಸುಗ್ಗಿಯಲ್ಲಿ ಧಾನ್ಯ ಕೊಡುತ್ತಿದ್ದರು. ಅಚ್ಚುಕಟ್ಟಿನ ಗದ್ದೆಗಳು ಬಡಾವಣೆಗಳಾದ ಮೇಲೆ ತೂಬಿಗೂ ಕೆಲಸವಿಲ್ಲ, ನೀರುಗಂಟಿಗೂ ಕೆಲಸವಿಲ್ಲ ಎಂಬಂತಾಯಿತು. ಕೊಳಚೆ ನುಗ್ಗಿದ್ದು ಆ ಹೊತ್ತಿನಲ್ಲೇ.

ಜಕ್ಕೂರಿನಲ್ಲಿ ಆ ಜಾಗಕ್ಕೆ ಸ್ವಯಂಸೇವಕರು ಬಂದಿದ್ದಾರೆ. ಕೆರೆಯ ಸುತ್ತಲಿನ ನಿವಾಸಿಗಳು ಸೇರಿ ಕಟ್ಟಿಕೊಂಡ ‘ಜಲಪೋಷಣ’ ಟ್ರಸ್ಟ್ ಸುಮಾರು ಒಂದು ದಶಕದಿಂದ ಇಲ್ಲಿ ಕೆಲಸ ಮಾಡುತ್ತಿದೆ. ಡಾ. ಅನ್ನಪೂರ್ಣ ಕಾಮತ್ ಇದರ ಮುಂಚೂಣಿಯಲ್ಲಿದ್ದಾರೆ. ಕೆರೆ ಸರ್ಕಾರದ್ದು, ಘಟಕ ಜಲಮಂಡಳಿಯದ್ದು, ಮೀನು ಹಿಡಿಯುವ ಹಕ್ಕು ಇಲಾಖೆಯಿಂದ ಗುತ್ತಿಗೆ ಪಡೆದವರದ್ದು, ದಡದಲ್ಲಿ ನಡೆಯುವವರು ಊರಿನವರು. ಇಷ್ಟೂ ಮಂದಿಯ ನಡುವೆ ಮಾತು ಕಡಿಯದಂತೆ ನೋಡಿಕೊಳ್ಳುವುದೇ ಟ್ರಸ್ಟ್ ಮಾಡುವ ದೊಡ್ಡ ಕೆಲಸ. ನೀರಿನ ಬಣ್ಣ ಬದಲಾದರೆ, ನೊರೆ ಕಾಣಿಸಿದರೆ, ವಾಸನೆ ಎದ್ದರೆ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಬೇಕು. ಕಳೆ ತೆಗೆಸಬೇಕು, ಗಿಡ ನೆಡಬೇಕು, ಶಾಲೆಯ ಮಕ್ಕಳನ್ನು ಕರೆದು ಕೆರೆ ತೋರಿಸಬೇಕು. ಫಲಕದಲ್ಲಿ ಹೆಸರು ಕೆತ್ತಿಸುವಂಥ ಕೆಲಸಗಳಲ್ಲ ಇವು, ತಪ್ಪಿದರೆ ಮಾತ್ರ ಎಲ್ಲರ ಮೂಗಿಗೂ ಗೊತ್ತಾಗುತ್ತದೆ.

ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿಗೆ ಹೊರಗಿನ ಉದಾಹರಣೆ ಬೇಕಿಲ್ಲ. ನಗರದ ಇನ್ನೊಂದು ಅಂಚಿನ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ ರಸ್ತೆಗೆ ಚೆಲ್ಲಿತು, ಬೆಂಕಿಯನ್ನೂ ಹೊತ್ತಿಸಿಕೊಂಡಿತು. 2018ರ ಜನವರಿಯಲ್ಲಿ ಆ ಬೆಂಕಿ ಆರಿಸಲು ಸೇನೆಯ ಯೋಧರು ಇಳಿಯಬೇಕಾಯಿತು.

ಜಕ್ಕೂರಿನ ಶ್ರಮದ ಫಲ ಕೆರೆಯೊಳಗಷ್ಟೇ ಉಳಿದಿಲ್ಲ. ತುಂಬಿದ ಕೆರೆ ನೆಲದೊಳಗೂ ಇಂಗುತ್ತದೆ. ಜಲತಜ್ಞ ಎಸ್. ವಿಶ್ವನಾಥ್ ಮತ್ತು ವಿದ್ಯಾರಣ್ಯಪುರದ ಬಯೋಮ್ ಸಂಸ್ಥೆಯವರು ಸುತ್ತಲಿನ ತೆರೆದ ಬಾವಿಗಳ ಕಡೆ ಗಮನ ಸೆಳೆಯುತ್ತ ಬಂದಿದ್ದಾರೆ. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ಹನಿ ಸಿಗದ ನಗರದಲ್ಲಿ, ಇಲ್ಲಿನ ಬಾವಿಗಳಲ್ಲಿ ಬಗ್ಗಿದರೆ ನೀರು ಕಾಣುತ್ತದೆ. ಒಮ್ಮೆ ಬಳಸಿದ ನೀರು ಘಟಕ, ಜೌಗು, ಕೆರೆ, ಮಣ್ಣು ಇಷ್ಟನ್ನೂ ಹಾದು ಮತ್ತೆ ಬಾವಿಗೆ ಬರುತ್ತದೆ. ಕುಡಿಯುವುದಕ್ಕೆ ಮುಂಚೆ ಅದನ್ನು ಪರೀಕ್ಷಿಸಿ ಶುದ್ಧೀಕರಿಸಲೇಬೇಕು. ಮಿಕ್ಕ ಬಳಕೆಗೆ ಈ ನೀರೇ ಸಾಕಾದರೆ ಅಷ್ಟು ಕಾವೇರಿ ನೀರು ಉಳಿಯುತ್ತದೆ.

ಶುದ್ಧವಾದ ನೀರಿಗೆ ಬೇಡಿಕೆ ಹುಟ್ಟುವುದೂ ಸಹಜ. ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಅನಿಲ ಆಧಾರಿತ ವಿದ್ಯುತ್ ಸ್ಥಾವರ ರೂಪುಗೊಂಡಾಗ ಅದಕ್ಕೆ ಬೇಕಾದ ನೀರಿಗೆ ಜಕ್ಕೂರು ಘಟಕದ ಕಡೆಗೇ ನೋಡಲಾಯಿತು. ಸ್ಥಾವರಕ್ಕೆ ಕಾವೇರಿ ನೀರು ಕೊಡುವುದಕ್ಕಿಂತ ಇದು ಒಳ್ಳೆಯದೇ. ಆದರೆ ಕೆರೆಯ ಪಾಲೆಷ್ಟು ಎನ್ನುವುದನ್ನು ಮೊದಲೇ ಗೊತ್ತುಮಾಡಬೇಕೆಂದು ಕೆರೆಯ ಪರವಾಗಿ ಕೇಳುವವರು ಇದ್ದರು. ಹರಿವು ತೀರ ತಗ್ಗಿದರೆ ಜೌಗೂ ಒಣಗುತ್ತದೆ, ಕೆರೆಯೂ ಬತ್ತುತ್ತದೆ, ಬಾವಿಗಳೂ ಕೆಳಗಿಳಿಯುತ್ತವೆ.

ಈಗ ಲೆಕ್ಕ ಇನ್ನೂ ದೊಡ್ಡದಾಗಿದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಯೋಜನೆ ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವಂಥದ್ದು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳು ಹಿಡಿಯುವ ಅಂದಾಜು. ಅಂದರೆ ಯೋಜನೆಯ ನೀರು ಪೂರ್ತಿ ಮನೆಗಳನ್ನು ತಲುಪಿದ ದಿನ 60 ಕೋಟಿ ಲೀಟರಿಗೂ ಮಿಕ್ಕಿ ಹೊಸ ಕೊಳಚೆ ಹರಿಯುತ್ತದೆ. ಸಂಸ್ಕರಣಾ ಘಟಕಗಳನ್ನು ಹಣವಿದ್ದರೆ ಕಟ್ಟಬಹುದು. ಘಟಕಕ್ಕೂ ಕೆರೆಗೂ ನಡುವೆ ಜೊಂಡು ಬೆಳೆಯಲು ಬೇಕಾದ ಹತ್ತಾರು ಎಕರೆ ತಗ್ಗುನೆಲವನ್ನು ಒತ್ತುವರಿಯಾದ ಮೇಲೆ ಮರಳಿ ಪಡೆಯುವುದು ಕಷ್ಟ. ಕೆರೆಗಳ ಒಳಹರಿವಿನ ಬಾಯಲ್ಲಿ ಉಳಿದಿರುವ ಅಂಥ ಜಾಗಗಳನ್ನು ಈಗಲೇ ಗುರುತಿಸಿ, ಗಡಿಕಲ್ಲು ನೆಟ್ಟು, ಜೌಗಿಗೆಂದು ಕಾದಿರಿಸುವ ಕೆಲಸ ನಗರಾಡಳಿತದ ಮುಂದಿದೆ. ಅದು ಹೇಗಿರಬೇಕೆಂದು ಕೇಳುವ ಎಂಜಿನಿಯರಿಗೂ ಬಡಾವಣೆಯ ಸಂಘಕ್ಕೂ ಜಕ್ಕೂರಿನ ಏರಿಯ ಮೇಲೆ ಒಂದು ಸುತ್ತು ನಡೆದರೆ ಉತ್ತರ ಸಿಗುತ್ತದೆ.