ಮೊಬೈಲಿನ ಹುಡುಕಾಟ ಮತ್ತು ನಮ್ಮ ನೆನಪು

ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಎಂಬುದು ಅಡಿಕೆ ಬೆಳೆಗಾರರಿಗೆ ಬಾಯಿಪಾಠವಾಗಿದ್ದ ವಿಷಯ. ಈಗ ಅದಕ್ಕೂ ಮೊಬೈಲ್ ತೆರೆದು ಅಂತರ್ಜಾಲದಲ್ಲಿ ಹುಡುಕುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ಇದರಿಂದ ನೆನಪಿನ ಮೇಲಾಗುವ ಪರಿಣಾಮವನ್ನು ಬೆಳೆಗಾರ ಬಾಂಧವರು ತಿಳಿದಿರುವುದು ಒಳ್ಳೆಯದು.

ಅಮೆರಿಕದಲ್ಲಿ ಬೆಟ್ಸಿ ಸ್ಪ್ಯಾರೋ, ಜೆನ್ನಿ ಲಿಯು ಹಾಗೂ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗಗಳು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದವು. ಒಂದರಲ್ಲಿ 40 ಸಾಮಾನ್ಯ ಜ್ಞಾನದ ವಾಕ್ಯಗಳನ್ನು ಜನರಿಂದ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಸಲಾಯಿತು. ಅವು ಅಲ್ಲಿಯೇ ಉಳಿಯುತ್ತವೆಂದು ಕೆಲವರಿಗೂ, ಅಳಿಸಿಹೋಗುತ್ತವೆಂದು ಉಳಿದವರಿಗೂ ಹೇಳಲಾಗಿತ್ತು. ಅಳಿಸಿಹೋಗುತ್ತವೆಂದು ನಂಬಿದವರಿಗೇ ಹೆಚ್ಚು ವಾಕ್ಯಗಳು ನೆನಪಿದ್ದವು.

ಕಾರಣ ಸರಳ. ಬೇಕಾದಾಗ ಬೇರೆಡೆ ಸಿಗುತ್ತದೆಂಬ ಭರವಸೆಯಿದ್ದರೆ ಮನಸ್ಸು ಆ ಹೊರೆಯನ್ನು ಇಳಿಸಿಬಿಡುತ್ತದೆ. ತೋಟದ ಗಡಿಗುರುತು ಅಜ್ಜನಿಗೆ ಗೊತ್ತಿದೆಯೆಂದು ಮನೆಯ ಉಳಿದವರು ಸುಮ್ಮನಿರುವುದೂ ಇದೇ ಬಗೆಯದು. ಆದರೆ ಅದೇ ಲೇಖನದ ಮತ್ತೊಂದು ಪ್ರಯೋಗವನ್ನು ಬೇರೆ ವಿಜ್ಞಾನಿಗಳು ಪುನಃ ಮಾಡಿದಾಗ ಅದೇ ಫಲ ದೊರೆಯಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಆದ್ದರಿಂದ ಮೊಬೈಲಿನಿಂದ ಬುದ್ಧಿಯೇ ಮಂಕಾಗುತ್ತದೆಂದು ಗಾಬರಿಪಡಬೇಕಾಗಿಲ್ಲ.

ನಮಗಿರುವ ತೊಂದರೆ ಬೇರೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಮಳೆಗಾಲದಲ್ಲೇ ಕರೆಂಟೂ ನೆಟ್‌ವರ್ಕೂ ಕೈಕೊಡುತ್ತವೆ. ಎರಡನೆಯದಾಗಿ, ನಮ್ಮ ತೋಟದ ಯಾವ ಭಾಗದಲ್ಲಿ ಕಾಂಡಕೊರಕದ ಕಾಟ ಹೆಚ್ಚು, ಹೂಮಳೆ ಯಾವ ವರ್ಷ ಎಂದು ಬಿತ್ತು ಎಂಬುದು ಯಾವ ಹುಡುಕಾಟಕ್ಕೂ ಸಿಗದು. ಮೂರನೆಯದಾಗಿ, ಸಿಕ್ಕ ಉತ್ತರ ಸರಿಯೋ ತಪ್ಪೋ ಎಂದು ತೂಗಿ ನೋಡಲು ತಲೆಯಲ್ಲಿ ಒಂದಿಷ್ಟು ತಿಳಿವಳಿಕೆ ಮೊದಲೇ ಇರಬೇಕು.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದ ವಿದ್ಯಾರ್ಥಿಗಳಿಗೆ ವಾರದ ನಂತರ ಹೆಚ್ಚು ನೆನಪಿತ್ತೆಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಆದುದರಿಂದ ಹುಡುಕುವ ಮೊದಲು ಒಂದು ನಿಮಿಷ ನೆನಪು ಮಾಡಿಕೊಳ್ಳೋಣ; ನಂತರ ಮೊಬೈಲಿನಲ್ಲಿ ತಾಳೆ ನೋಡೋಣ. ಮಳೆಯ ಅಳತೆ, ಸಿಂಪರಣೆಯ ದಿನಾಂಕ, ಗೊಬ್ಬರದ ಪ್ರಮಾಣಗಳನ್ನು ಡೈರಿಯಲ್ಲಿ ನಮ್ಮ ಕೈಯಾರೆ ಬರೆದಿಡೋಣ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸುರಿಯಬೇಕೇ ಹೊರತು ಅದಲುಬದಲು ಮಾಡಬಾರದು. ಇಷ್ಟನ್ನಾದರೂ ಮನೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.