ಕಿವಿಗೆ ಒಗ್ಗುವ ಹೆಡ್‌ಫೋನ್, ಬಾಯಿಗೆ ಹತ್ತಿರವಿರುವ ಮೈಕ್

ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಬಹುತೇಕ ಎಲ್ಲ ತಯಾರಕರೂ ಅಚ್ಚು ಹಾಕಿಸುವ ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ’ ಎಂಬ ಸಂಖ್ಯೆಗಳಿಂದ ಕೊಳ್ಳುವವರಿಗೆ ತಿಳಿಯುವುದು ಬಹಳ ಕಡಿಮೆ. ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಒಂದು ಸೆಕೆಂಡಿನಲ್ಲಿ ಈ ಏರಿಳಿತ ಎಷ್ಟು ಬಾರಿ ನಡೆಯುತ್ತದೆಯೋ ಅದೇ ಆ ಶಬ್ದದ ಆವರ್ತನ, ಅದನ್ನು ಅಳೆಯುವ ಮಾನ ಹರ್ಟ್ಸ್. ಆರೋಗ್ಯವಾಗಿರುವ ಎಳೆಯ ಕಿವಿಯೊಂದು ಕೇಳಿಸಿಕೊಳ್ಳಬಲ್ಲ ವ್ಯಾಪ್ತಿ ಸುಮಾರಾಗಿ ಇಷ್ಟೇ ಆಗಿರುವುದರಿಂದ ಆ ಸಂಖ್ಯೆಗಳು ಆಕರ್ಷಕವಾಗಿ ಕಾಣುತ್ತವೆಯಾದರೂ, ಈ ಎರಡು ತುದಿಗಳ ನಡುವೆ ಯಾವ ಆವರ್ತನವನ್ನು ಸಾಧನವು ಎಷ್ಟು ಜೋರಾಗಿ, ಯಾವುದನ್ನು ಎಷ್ಟು ಮೆಲ್ಲಗೆ ನುಡಿಸುತ್ತದೆ ಎಂಬ ಮುಖ್ಯ ಸಂಗತಿಯನ್ನು ಅವು ಹೇಳುವುದಿಲ್ಲ. ಈ ಸಂಗತಿಗೆ ಆವರ್ತನ ಪ್ರತಿಕ್ರಿಯೆ ಎಂದು ಹೆಸರು; ಒಂದು ಹೆಡ್‌ಫೋನಿನಲ್ಲಿ ಹಾಡುಗಾರ್ತಿಯ ಕಂಠ ಸ್ಪಷ್ಟವಾಗಿಯೂ ಮತ್ತೊಂದರಲ್ಲಿ ಕಂಬಳಿ ಹೊದಿಸಿದಂತೆಯೂ ಕೇಳಿಸುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಶಬ್ದ ಹೊರಡಿಸುವ ಪೊರೆಯ ವ್ಯಾಸವನ್ನು ಹೊಗಳುವ ‘40 ಮಿ.ಮೀ.’, ‘50 ಮಿ.ಮೀ.’ ಎಂಬ ಬರಹಗಳಿಂದಲೂ ಧ್ವನಿಯ ಗುಣವನ್ನು ಊಹಿಸಲಾಗದು.

ಆವರ್ತನ ಪ್ರತಿಕ್ರಿಯೆ ಸಮತಟ್ಟಾಗಿದ್ದರೆ, ಅಂದರೆ ಎಲ್ಲ ಆವರ್ತನಗಳೂ ಒಂದೇ ಬಲದಲ್ಲಿ ಹೊರಬಂದರೆ, ಹೆಡ್‌ಫೋನ್ ಉತ್ತಮವಾದದ್ದೆಂದು ತೋರಬಹುದು. ಆದರೆ ಮನುಷ್ಯನ ಕಿವಿಯ ರಚನೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಸುಮಾರು 2.5 ಸೆಂ.ಮೀ. ಉದ್ದದ ಕಿವಿನಾಳವು ಒಂದು ತುದಿ ತೆರೆದ, ಇನ್ನೊಂದು ತುದಿಯಲ್ಲಿ ತಮಟೆಯಿಂದ ಮುಚ್ಚಿದ ಕೊಳವೆಯಾಗಿರುವುದರಿಂದ, ಹೊರಗಿನಿಂದ ಬಂದ ಶಬ್ದದಲ್ಲಿ 3,000 ಹರ್ಟ್ಸ್‌ನ ಆಸುಪಾಸಿನ ಭಾಗವು ಅಲ್ಲಿ ಅನುರಣನಗೊಂಡು ಹತ್ತು ಡೆಸಿಬೆಲ್‌ಗೂ ಮೀರಿ ಹಿಗ್ಗುತ್ತದೆ. ಡೆಸಿಬೆಲ್ ಎಂಬುದು ಶಬ್ದದ ಮಟ್ಟವನ್ನು ಹೇಳುವ ಮಾನ. ಕಿವಿಯ ಹಾಲೆಯ ಮಡಿಕೆಗಳೂ ತಲೆಯೂ ಭುಜಗಳೂ ತಮ್ಮದೇ ಬದಲಾವಣೆಗಳನ್ನು ಸೇರಿಸುತ್ತವೆ. ಹುಟ್ಟಿದಾಗಿನಿಂದ ಈ ರೂಪಾಂತರಗೊಂಡ ಶಬ್ದವನ್ನೇ ಸಹಜವೆಂದು ಅರಿತ ಮೆದುಳಿಗೆ, ಕಿವಿಯ ಪಕ್ಕದಲ್ಲೇ ಅಥವಾ ಕಿವಿಯ ಒಳಗೇ ಕುಳಿತು ಈ ಮಾರ್ಗದ ಒಂದು ಭಾಗವನ್ನು ತಪ್ಪಿಸುವ ಸಾಧನವು ಅದೇ ಸಹಜತೆಯನ್ನು ಬೇರೆ ಬಗೆಯಲ್ಲಿ ಒದಗಿಸಬೇಕಾಗುತ್ತದೆ. ಹಾರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಅವರ ಸಂಗಡಿಗರು 2012ರಿಂದೀಚೆಗೆ ಪ್ರಕಟಿಸಿದ ಪ್ರಯೋಗಗಳಲ್ಲಿ ಹೆಚ್ಚಿನ ಕೇಳುಗರು ಮೆಚ್ಚಿದ್ದು, ಉತ್ತಮ ಕೊಠಡಿಯೊಂದರಲ್ಲಿ ಉತ್ತಮ ಸ್ಪೀಕರುಗಳು ಕೇಳಿಸುವಂತೆಯೇ ಕೇಳಿಸುವ ಹೆಡ್‌ಫೋನುಗಳನ್ನು. ಬೆಲೆಗೂ ಈ ಗುಣಕ್ಕೂ ನಂಟಿದೆಯೇ ಎಂಬ ಪ್ರಶ್ನೆಗೆ 2017ರಲ್ಲಿ ಯೆರೂನ್ ಬ್ರೇಬಾರ್ಟ್ ಪ್ರಕಟಿಸಿದ ಅಧ್ಯಯನವು ನೇರ ಉತ್ತರ ನೀಡಿತು: 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿದಾಗ ಮಾರಾಟದ ಬೆಲೆಗೂ ಆವರ್ತನ ಪ್ರತಿಕ್ರಿಯೆಗೂ ಯಾವ ಸಂಬಂಧವೂ ಕಂಡುಬರಲಿಲ್ಲ. ಹೆಚ್ಚು ಹಣ ತೆತ್ತವರಿಗೆ ಗಟ್ಟಿಯಾದ ರಚನೆಯೋ ಹೆಚ್ಚಿನ ಸೌಲಭ್ಯಗಳೋ ಸಿಗಬಹುದು. ಹೆಚ್ಚು ಒಳ್ಳೆಯ ಧ್ವನಿಯೇ ಸಿಗುತ್ತದೆಂಬ ಭರವಸೆ ಇಲ್ಲ. ಸಾಮಾನ್ಯ ವರಮಾನದ ಮನೆಗಳಿಗೆ ಇದು ನಿಜಕ್ಕೂ ನೆಮ್ಮದಿಯ ಸುದ್ದಿ.

ಆದರೆ ಪ್ರಯೋಗಾಲಯದಲ್ಲಿ ಅಳೆದ ಧ್ವನಿಯು ಕೊಂಡವರ ಕಿವಿಯಲ್ಲೂ ಹಾಗೆಯೇ ಮೂಡಬೇಕಾದರೆ ಸಾಧನವು ಆ ಕಿವಿಗೆ ಸರಿಯಾಗಿ ಹೊಂದಿಕೊಳ್ಳಬೇಕು, ಮತ್ತು ಹಿತ ಬೇರೆ, ಧ್ವನಿ ಬೇರೆ ಎಂಬ ರೂಢಿಯ ಎಣಿಕೆ ತಪ್ಪುವುದು ಇಲ್ಲಿಯೇ. ಮಂದ್ರ ಶಬ್ದಗಳನ್ನು ಹುಟ್ಟಿಸಲು ಪೊರೆಯು ತನ್ನ ಮುಂದಿರುವ ಗಾಳಿಯನ್ನು ನಿಧಾನವಾಗಿ ಅದುಮಿ ಬಿಡಬೇಕಾಗುತ್ತದೆ. ಮೆತ್ತೆಗೂ ಚರ್ಮಕ್ಕೂ ನಡುವೆ ಕಿರಿದಾದ ಸಂದಿಯಿದ್ದರೂ ಆ ಒತ್ತಡ ಅಲ್ಲಿಂದ ಸೋರಿಹೋಗಿ, ಮೃದಂಗದ ಎಡಮುಖದ ನಾದ ಬಡಕಲಾಗುತ್ತದೆ. ಕನ್ನಡಕದ ಕಡ್ಡಿ, ದಪ್ಪ ಜಡೆ, ಕಿವಿಯ ಓಲೆ ಮತ್ತು ಜುಮುಕಿ ಇವೆಲ್ಲವೂ ಇಂಥ ಸಂದಿಯನ್ನು ಉಂಟುಮಾಡುತ್ತವೆ. ಆದ್ದರಿಂದ ಕನ್ನಡಕ ಧರಿಸುವವರು ಅದನ್ನು ಧರಿಸಿಯೇ ಹೆಡ್‌ಫೋನನ್ನು ಪರೀಕ್ಷಿಸಬೇಕು. ಮೆತ್ತೆ ಮೃದುವಾಗಿ, ಆಳವಾಗಿ ಇದ್ದಷ್ಟೂ ಅದು ಕಡ್ಡಿಯ ಸುತ್ತ ತಾನೇ ಕುಸಿದು ಸಂದಿಯನ್ನು ತುಂಬುತ್ತದೆ. ವಯಸ್ಕರ ಕಿವಿಯ ಹಾಲೆ ಸರಾಸರಿ 6 ಸೆಂ.ಮೀ.ಗಿಂತ ತುಸು ಹೆಚ್ಚು ಉದ್ದವಿರುವುದರಿಂದ ಕಿವಿಯನ್ನು ಪೂರ್ತಿ ಸುತ್ತುವರಿಯುವ ಬಗೆಯ ಮೆತ್ತೆಯ ಒಳಬಾಯಿ ಅದಕ್ಕಿಂತ ದೊಡ್ಡದಾಗಿರಬೇಕು; ಕಿವಿಯ ಮೇಲೆಯೇ ಕೂರುವ ಚಿಕ್ಕ ಮೆತ್ತೆಗಳು ಮೃದ್ವಸ್ಥಿಯನ್ನು ತಲೆಬುರುಡೆಗೆ ಒತ್ತಿ ಹಿಡಿಯುವುದರಿಂದ ಒಂದೆರಡು ಗಂಟೆಗಳಲ್ಲಿ ನೋವು ತರುವುದು ಸಾಮಾನ್ಯ. ತೂಕವೂ ಕಡೆಗಣಿಸುವ ವಿಷಯವಲ್ಲ. ಸುಮಾರು 250 ಗ್ರಾಂ ತೂಗುವ ಹೆಡ್‌ಫೋನಿಗೂ 400 ಗ್ರಾಂ ಸಮೀಪಿಸುವ ಲೋಹದ ಹೆಡ್‌ಫೋನಿಗೂ ಅಂಗಡಿಯ ಐದು ನಿಮಿಷಗಳಲ್ಲಿ ತೋರದ ಅಂತರವು ಸಂಜೆಯ ಹೊತ್ತಿಗೆ ನೆತ್ತಿಯಲ್ಲಿಯೂ ಕತ್ತಿನಲ್ಲಿಯೂ ತೋರುತ್ತದೆ. ಮಂಗಳೂರು, ಕಾರವಾರಗಳಂಥ ಸೆಕೆಯ ಊರುಗಳಲ್ಲಿ ಕೃತಕ ಚರ್ಮದ ಮೆತ್ತೆಗಳು ಬೆವರನ್ನು ಹಿಡಿದಿಟ್ಟು, ಕ್ರಮೇಣ ಸಿಪ್ಪೆ ಸುಲಿದು ಉದುರುವುದರಿಂದ, ಬಟ್ಟೆಯ ಮೆತ್ತೆಗಳಿರುವ ಅಥವಾ ಮೆತ್ತೆಗಳನ್ನು ಬದಲಾಯಿಸಬಹುದಾದ ಮಾದರಿಗಳೇ ಲೇಸು.

ಕಿವಿನಾಳದ ಒಳಗೆ ಸೇರಿಸುವ ಇಯರ್‌ಫೋನುಗಳಲ್ಲಿ ಈ ಹೊಂದಾಣಿಕೆ ಇನ್ನೂ ನಿರ್ಣಾಯಕ. ಅವುಗಳೊಡನೆ ಬರುವ ಮೂರು ಅಳತೆಯ ರಬ್ಬರ್ ತುದಿಗಳಲ್ಲಿ ಹೆಚ್ಚಿನವರು ಮೊದಲೇ ಜೋಡಿಸಿರುವ ನಡು ಅಳತೆಯದನ್ನೇ ಬಳಸುತ್ತಾರೆ. ಒಬ್ಬರದೇ ಎಡ ಮತ್ತು ಬಲ ಕಿವಿನಾಳಗಳು ಬೇರೆ ಬೇರೆ ಅಗಲದವಾಗಿರಬಹುದಾದ್ದರಿಂದ ಎರಡು ಕಿವಿಗಳಿಗೆ ಎರಡು ಅಳತೆಗಳನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಹಾಡು ನುಡಿಯುತ್ತಿರುವಾಗ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಗೊತ್ತಿದಾಗ ಮಂದ್ರ ನಾದ ಥಟ್ಟನೆ ತುಂಬಿಕೊಂಡರೆ, ಆ ತುದಿ ಕಿವಿಗೆ ಚಿಕ್ಕದೆಂದೇ ಅರ್ಥ. ತುದಿ ಸರಿಯಾಗಿ ಕೂತು ಬಿಗಿಯಾಗಿ ಮುಚ್ಚಿದ ಕಿವಿಯಲ್ಲಿ ತೇವ ನಿಲ್ಲುವುದರಿಂದ ಮಳೆಗಾಲದ ದಿನಗಳಲ್ಲಿ ಶಿಲೀಂಧ್ರದ ಸೋಂಕಿಗೆ ಅನುಕೂಲವಾಗುತ್ತದೆ; ತುದಿಗಳನ್ನು ತೊಳೆದು ಒಣಗಿಸುವುದೂ ಕಿವಿಗೆ ಆಗಾಗ ಗಾಳಿಯಾಡಿಸುವುದೂ ಅಗತ್ಯ.

ಹೆಡ್‌ಫೋನುಗಳಲ್ಲಿ ಹಿಂಬದಿ ಮುಚ್ಚಿದವು, ತೆರೆದವು ಎಂಬ ಎರಡು ಬಗೆಗಳಿವೆ. ಜರ್ಮನಿಯ ಸೆನ್ಹೈಸರ್ ಸಂಸ್ಥೆ 1968ರಲ್ಲಿ ಹೊರತಂದ ಎಚ್‌ಡಿ 414 ಎಂಬ ಮಾದರಿಯಿಂದ ಜನಪ್ರಿಯವಾದ ತೆರೆದ ಬಗೆಯಲ್ಲಿ ಪೊರೆಯ ಹಿಂದಿನ ಗಾಳಿ ಹೊರಗೆ ಹರಿಯುವುದರಿಂದ ಧ್ವನಿ ತಲೆಯೊಳಗೆ ಸಿಕ್ಕಿಕೊಳ್ಳದೆ ವಿಶಾಲವಾಗಿ ಕೇಳಿಸುತ್ತದೆ, ಕಿವಿ ಬೆವರುವುದೂ ಕಡಿಮೆ. ಆದರೆ ಹೊರಗಿನ ಗದ್ದಲವೆಲ್ಲ ಒಳಗೆ ಬರುತ್ತದೆ, ಒಳಗಿನ ಹಾಡು ಪಕ್ಕದವರಿಗೂ ಕೇಳಿಸುತ್ತದೆ. ಸದ್ದಿಲ್ಲದ ಮನೆಯಲ್ಲಿ ಒಬ್ಬರೇ ಕೂತು ಕೇಳುವವರಿಗೆ ಇದಕ್ಕಿಂತ ಹಿತವಾದ ಆಯ್ಕೆಯಿಲ್ಲ. ಬಸ್ಸಿಗೂ ಕಚೇರಿಗೂ ಇದು ಸಲ್ಲದು, ಅಲ್ಲಿಗೆ ಮುಚ್ಚಿದ ಬಗೆಯೇ ತಕ್ಕದ್ದು.

ಗದ್ದಲವನ್ನು ಗದ್ದಲದಿಂದಲೇ ಅಳಿಸುವ ಉಪಾಯವು ಮೊದಲು ಕಾಗದದ ಮೇಲೆ ಮೂಡಿದ್ದು 1930ರ ದಶಕದಲ್ಲಿ; ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ 1936ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಒಂದು ಶಬ್ದದ ಅಲೆ ಏರುವಾಗ ಇಳಿಯುವ, ಇಳಿಯುವಾಗ ಏರುವ ಮತ್ತೊಂದು ಅಲೆಯನ್ನು ಅದರೊಡನೆ ಬೆರೆಸಿದರೆ ಎರಡೂ ರದ್ದಾಗುತ್ತವೆ ಎಂಬುದೇ ಅದರ ತತ್ತ್ವ. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗನಾದ ಅಮರ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ಮರಳುವ ವಿಮಾನದಲ್ಲಿ ಎಂಜಿನ್ನಿನ ಮೊರೆತದ ನಡುವೆ ಸಂಗೀತ ಕೇಳಲಾಗದೆ ಇದೇ ತತ್ತ್ವವನ್ನು ಹೆಡ್‌ಫೋನಿಗೆ ಅಳವಡಿಸುವ ಲೆಕ್ಕಾಚಾರಕ್ಕೆ ತೊಡಗಿದರು. ಅವರ ಸಂಸ್ಥೆಯ ವಿಮಾನ ಚಾಲಕರ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಈ ವ್ಯವಸ್ಥೆ ಎಂಜಿನ್, ಫ್ಯಾನ್, ರೈಲುಗಳ ಒಂದೇ ಸಮನಾದ ಮಂದ್ರ ಮೊರೆತವನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಸುಮಾರು 1,000 ಹರ್ಟ್ಸ್‌ಗಿಂತ ಮೇಲಿನ ಶಬ್ದಗಳಲ್ಲಿ ಅಲೆಗಳು ಅತಿ ವೇಗವಾಗಿ ಬದಲಾಗುವುದರಿಂದ ಅದರ ಆಟ ಹೆಚ್ಚು ನಡೆಯುವುದಿಲ್ಲ. ಹಾರ್ನ್ ಸದ್ದನ್ನು, ಮಕ್ಕಳ ಕಿರುಚಾಟಗಳನ್ನು ತಡೆಯುವ ಕೆಲಸ ಮೆತ್ತೆಯದೇ.

ಗದ್ದಲವನ್ನು ತಡೆಯುವುದರ ನಿಜವಾದ ಲಾಭ ಕಿವಿಯ ಆರೋಗ್ಯಕ್ಕೆ ಸಂಬಂಧಿಸಿದ್ದು. ಸುತ್ತಲಿನ ಸದ್ದನ್ನು ಮೀರಿಸಲು ಕೇಳುಗರು ಅರಿವಿಲ್ಲದೆಯೇ ಧ್ವನಿಯ ಮಟ್ಟವನ್ನು ಏರಿಸುತ್ತಾರೆ, ಒಳಗಿವಿಯ ಸೂಕ್ಷ್ಮ ರೋಮಕೋಶಗಳಾದರೋ ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ಸುರಕ್ಷಿತವೆನಿಸುವುದು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಮಟ್ಟ 3 ಡೆಸಿಬೆಲ್ ಏರಿದಾಗಲೆಲ್ಲ ಶಬ್ದದ ಶಕ್ತಿ ಇಮ್ಮಡಿಸುವುದರಿಂದ ಈ ಅವಧಿ ಅರ್ಧಕ್ಕಿಳಿಯುತ್ತದೆ, ಹಾಗಾಗಿ 86 ಡೆಸಿಬೆಲ್‌ನಲ್ಲಿ ಉಳಿಯುವುದು ವಾರಕ್ಕೆ ಹತ್ತೇ ಗಂಟೆ. ಹೆಡ್‌ಫೋನುಗಳನ್ನು ಹೋಲಿಸುವಾಗಲೂ ಇದೇ ಮಟ್ಟವು ಕೇಳುಗರನ್ನು ದಾರಿ ತಪ್ಪಿಸುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟಂತೆ, ಮೆಲುದನಿಯಲ್ಲಿ ಕಿವಿಗೆ ಮಂದ್ರ ಶಬ್ದಗಳು ಕಡಿಮೆ ಕೇಳಿಸಿ, ಮಟ್ಟ ಏರಿದಂತೆ ಅವು ತುಂಬಿಕೊಳ್ಳುತ್ತವೆ; ಆದ್ದರಿಂದ ಎರಡರಲ್ಲಿ ತುಸು ಜೋರಾಗಿ ನುಡಿಯುವುದೇ ಉತ್ತಮವೆಂಬ ಭ್ರಮೆ ಹುಟ್ಟುತ್ತದೆ. ಎರಡನ್ನೂ ಒಂದೇ ಜೋರಿಗೆ ತಂದುಕೊಂಡ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಪರೀಕ್ಷೆಗೆ ಚೆನ್ನಾಗಿ ಪರಿಚಯವಿರುವ ಸಂಗೀತಕ್ಕಿಂತ ಉತ್ತಮ ಸಾಧನವಿಲ್ಲ, ಅದರಲ್ಲೂ ಕರ್ನಾಟಕ ಸಂಗೀತದ ಕಛೇರಿಯ ಧ್ವನಿಮುದ್ರಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿ ಸೇರಿಸುವ ಜೀವಾಳದ ಎಳೆಯಿಂದಾಗಿ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಮುಂತಾದ ಆವರ್ತನಗಳ ಸ್ವಯಂಭೂ ಸ್ವರಗಳು ಯಥೇಚ್ಛವಾಗಿ ಹೊಮ್ಮುತ್ತವೆ. ಈ ವಾದ್ಯವನ್ನೂ, ಕರಣೆ ಎಂಬ ಕಪ್ಪು ಲೇಪ ಹಚ್ಚಿದ ಮೃದಂಗ ಮತ್ತು ತಬಲಾಗಳು ಉಳಿದ ಚರ್ಮವಾದ್ಯಗಳಂತಲ್ಲದೆ ಶ್ರುತಿಬದ್ಧ ಸ್ವರಗಳನ್ನು ನುಡಿಯುವ ಬಗೆಯನ್ನೂ ಸಿ.ವಿ. ರಾಮನ್ 1920ರ ಸುಮಾರಿಗೆ ಕಲ್ಕತ್ತೆಯಲ್ಲಿ ಅಧ್ಯಯನ ಮಾಡಿದ್ದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಬಗ್ಗೆ ವಿಸ್ತಾರವಾದ ಪ್ರಬಂಧವನ್ನೇ ಪ್ರಕಟಿಸಿದರು. ಮೇಲಿನ ಆವರ್ತನಗಳನ್ನು ನುಂಗುವ ಹೆಡ್‌ಫೋನಿನಲ್ಲಿ ತಂಬೂರಿಯ ಝೇಂಕಾರ ಸತ್ತು ಬರಿಯ ಗುಂಯ್‌ಗುಡುವಿಕೆ ಉಳಿಯುತ್ತದೆ. ಮಂದ್ರವನ್ನು ಅತಿಯಾಗಿ ಉಬ್ಬಿಸುವ ಹೆಡ್‌ಫೋನಿನಲ್ಲಿ ಮೃದಂಗದ ಎಡಮುಖ ಗಾಯಕರ ಸಾಹಿತ್ಯವನ್ನು ಮುಚ್ಚಿಹಾಕುತ್ತದೆ. ಝೇಂಕಾರವೂ ಸಾಹಿತ್ಯವೂ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕೇಳಿಸಿದರೆ ಆ ಸಾಧನವನ್ನು ಧೈರ್ಯವಾಗಿ ಕೊಳ್ಳಬಹುದು.

ಮೈಕಿನ ವಿಷಯದಲ್ಲಿ ಮುಖ್ಯವಾದದ್ದು ದೂರ. ಬಾಯಿಯಿಂದ ಇರುವ ದೂರ ಇಮ್ಮಡಿಸಿದಾಗಲೆಲ್ಲ ಮೈಕನ್ನು ತಲುಪುವ ನೇರ ಧ್ವನಿ 6 ಡೆಸಿಬೆಲ್ ತಗ್ಗುತ್ತದೆ, ಆದರೆ ಗೋಡೆಗಳಿಂದ ಮರಳುವ ಪ್ರತಿಧ್ವನಿಯಾಗಲಿ ಫ್ಯಾನಿನ ಸದ್ದಾಗಲಿ ಹಾಗೆ ತಗ್ಗುವುದಿಲ್ಲ. ಬಾಯಿಯಿಂದ 5 ಸೆಂ.ಮೀ. ದೂರದ ಮೈಕನ್ನು 40 ಸೆಂ.ಮೀ.ಗೆ, ಅಂದರೆ ಲ್ಯಾಪ್‌ಟಾಪಿನ ಮೈಕ್ ಇರುವಷ್ಟು ದೂರಕ್ಕೆ, ಒಯ್ದರೆ ಮಾತಿನ ಬಲ 18 ಡೆಸಿಬೆಲ್ ಕುಸಿಯುತ್ತದೆ. ಗಾರೆ ನೆಲ, ಬರಿಗೋಡೆಗಳ ಕೊಠಡಿಯಲ್ಲಿ ಮಾತನಾಡುವವರು ಬಾವಿಯೊಳಗಿನಿಂದ ಮಾತನಾಡಿದಂತೆ ಕೇಳಿಸುವುದಕ್ಕೆ ಇದೇ ಕಾರಣ. ಬಾಯಿಯ ಬಳಿ ಕಡ್ಡಿಯ ಮೇಲೆ ನಿಲ್ಲುವ ಅಗ್ಗದ ಮೈಕೊಂದು ಮೇಜಿನಾಚೆ ಇಟ್ಟ ದುಬಾರಿ ಮೈಕನ್ನು ಸುಲಭವಾಗಿ ಸೋಲಿಸುತ್ತದೆ. ಅದರ ಒಳಗಿರುವ ತಂತ್ರವೂ ಕೀಳಾದದ್ದೇನಲ್ಲ: ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕಿನಲ್ಲಿ ವಿದ್ಯುದಾವೇಶವನ್ನು ಶಾಶ್ವತವಾಗಿ ಹಿಡಿದಿಟ್ಟುಕೊಂಡ ತೆಳುಹಾಳೆಯನ್ನು ಬಳಸಲಾಗುತ್ತದೆ, ಧ್ವನಿಗೆ ಕಂಪಿಸುವ ಪೊರೆಗೂ ಅದರ ಹಿಂದಿನ ತಗಡಿಗೂ ನಡುವಿನ ಅಂತರ ಬದಲಾದಂತೆ ವಿದ್ಯುತ್ ಸಂಕೇತವೂ ಬದಲಾಗುತ್ತದೆ. ಮೊಬೈಲುಗಳಲ್ಲಿ ಈಗ ಈ ಜಾಗವನ್ನು ಸಿಲಿಕಾನಿನಲ್ಲಿ ಕೊರೆದ ಇನ್ನೂ ಚಿಕ್ಕ ಮೈಕುಗಳು ಪಡೆದಿವೆ.

ಮೈಕನ್ನು ಬಾಯಿಯ ನೇರ ಎದುರಿಗೆ ಇಡಬಾರದು. ಪ, ಬ ಮತ್ತು ಅದಕ್ಕಿಂತ ಹೆಚ್ಚಾಗಿ ಫ, ಭ ಅಕ್ಷರಗಳನ್ನು ನುಡಿದಾಗ ತುಟಿಗಳಿಂದ ಹೊರಚಿಮ್ಮುವ ಗಾಳಿ ಪೊರೆಗೆ ಬಡಿದು ಢಬ್ಬೆಂಬ ಸದ್ದಾಗುತ್ತದೆ. ತುಟಿಯ ಕೊನೆಯ ಬಳಿ, ಪಕ್ಕಕ್ಕೆ ಸರಿಸಿಟ್ಟರೆ ಮಾತು ಬರುತ್ತದೆ, ಗಾಳಿ ಬರುವುದಿಲ್ಲ. ಒಂದೇ ದಿಕ್ಕಿನಿಂದ ಹೆಚ್ಚು ಗ್ರಹಿಸುವ ಮೈಕುಗಳು ಹಿಂಬದಿಯ ಸದ್ದನ್ನು ತಗ್ಗಿಸುತ್ತವೆ, ಆದರೆ ತೀರ ಹತ್ತಿರವಿದ್ದಾಗ ಧ್ವನಿಯ ಮಂದ್ರ ಭಾಗವನ್ನು ಉಬ್ಬಿಸುತ್ತವೆ ಎಂಬುದನ್ನು ಆಕಾಶವಾಣಿಯ ಉದ್ಘೋಷಕರಿಂದ ಹಿಡಿದು ಪಾಡ್‌ಕಾಸ್ಟ್ ಮಾಡುವವರವರೆಗೆ ಎಲ್ಲರೂ ಬಲ್ಲರು. ಕಿವಿ ಮುಚ್ಚಿದಾಗ ಸ್ವಂತ ಧ್ವನಿ ಮೂಳೆಗಳ ಮೂಲಕ ಬಂದು ಒಳಗೇ ಮೊಳಗುವುದರಿಂದ ದೀರ್ಘಕಾಲ ಮಾತನಾಡುವ ಶಿಕ್ಷಕರಿಗೂ ಕಾಲ್ ಸೆಂಟರ್ ನೌಕರರಿಗೂ ಆಯಾಸವಾಗುತ್ತದೆ. ಮೈಕಿನ ಧ್ವನಿಯನ್ನು ತುಸು ಪ್ರಮಾಣದಲ್ಲಿ ಮಾತನಾಡುವವರ ಕಿವಿಗೂ ಮರಳಿಸುವ ಸೌಲಭ್ಯವಿರುವ ಹೆಡ್‌ಸೆಟ್ಟುಗಳು ಅಂಥವರಿಗೆ ತಕ್ಕವು.

ಕೊನೆಯದಾಗಿ ನಿಸ್ತಂತು ಸಾಧನಗಳ ಒಂದು ತೊಡಕನ್ನು ವಿವರಿಸಬೇಕು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿಸುತ್ತಿದ್ದ ಹಾಡು, ಅದರ ಮೈಕ್ ಚಾಲೂ ಆದ ಕೂಡಲೇ ಹಳೆಯ ದೂರವಾಣಿಯಂತೆ ಸೊರಗುವುದು ಸಾಧನದ ದೋಷವಲ್ಲ. ಸಂಗೀತವನ್ನು ಒಂದೇ ದಿಕ್ಕಿನಲ್ಲಿ ಕಳಿಸುವ ವಿಧಾನವೊಂದು, ಮಾತನ್ನು ಎರಡೂ ದಿಕ್ಕುಗಳಲ್ಲಿ ಸಾಗಿಸುವ ವಿಧಾನ ಇನ್ನೊಂದು. ಈ ಎರಡನೆಯ ವಿಧಾನದ ಹಳೆಯ ರೂಪದಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ, ಸುಧಾರಿತ ರೂಪದಲ್ಲಿ 16,000 ಬಾರಿ ಮಾತ್ರ ಅಳೆದು ಕಳಿಸಲಾಗುತ್ತದೆ. ಅಳೆಯುವ ಸಂಖ್ಯೆಯ ಅರ್ಧಕ್ಕಿಂತ ಮೇಲಿನ ಆವರ್ತನಗಳು ಉಳಿಯಲಾರವಾದ್ದರಿಂದ ಮೊದಲನೆಯದರಲ್ಲಿ 4,000 ಹರ್ಟ್ಸ್‌ನಾಚೆಗಿನ ಎಲ್ಲವೂ ಕಳೆದುಹೋಗುತ್ತದೆ, ಮತ್ತು ಸಕಾರದ ಸೀಳುಸದ್ದಿನ ಹೆಚ್ಚಿನ ಭಾಗ ಇರುವುದು ಅಲ್ಲಿಯೇ ಆದ್ದರಿಂದ ಸ ಮತ್ತು ಶಗಳ ಭೇದ ಮಸುಕಾಗುತ್ತದೆ. 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊ ಎಂಬ ಹೊಸ ಮಾನಕವು ಈ ಇಕ್ಕಟ್ಟನ್ನು ಸಡಿಲಿಸುತ್ತದೆಯಾದರೂ ಅದನ್ನು ಹೆಡ್‌ಫೋನೂ ಮೊಬೈಲು ಅಥವಾ ಕಂಪ್ಯೂಟರೂ ಎರಡೂ ಅರಿತಿರಬೇಕು. ಹಾಗಿಲ್ಲದ ಕಡೆ ಪಾಠ, ಸಂದರ್ಶನ, ಧ್ವನಿಮುದ್ರಣಗಳಿಗೆ ತಂತಿಯ ಹೆಡ್‌ಸೆಟ್ಟನ್ನೋ, ಕೇಳಲು ಬ್ಲೂಟೂತ್ ಹೆಡ್‌ಫೋನನ್ನು ಇರಿಸಿಕೊಂಡು ಮಾತಿಗೆ ಮಾತ್ರ ಪ್ರತ್ಯೇಕ ಯುಎಸ್‌ಬಿ ಮೈಕನ್ನೋ ಬಳಸಬಹುದು. ಎರಡನೆಯ ಏರ್ಪಾಟಿನಲ್ಲಿ ಕಂಪ್ಯೂಟರಿನ ಧ್ವನಿ ವ್ಯವಸ್ಥೆಯೊಳಗೆ ಹೋಗಿ, ಮಾತಿನ ಮೂಲವಾಗಿ ಹೆಡ್‌ಫೋನಿನ ಮೈಕಿನ ಬದಲು ಯುಎಸ್‌ಬಿ ಮೈಕನ್ನು ಆರಿಸಿಟ್ಟರೆ ಸಾಕು, ಹೆಡ್‌ಫೋನ್ ಸಂಗೀತದ ವಿಧಾನದಲ್ಲಿಯೇ ಮುಂದುವರಿಯುತ್ತದೆ.