ಕಣ್ಣೀರಿನಲ್ಲೂ ಇದೆ ರೋಗಾಣು ಕೊಲ್ಲುವ ಕತ್ತರಿ

ಕಣ್ಣಿಗೆ ಧೂಳು ಬಿದ್ದರೆ ನೀರು ಬರುತ್ತದೆ. ಆ ನೀರು ಧೂಳನ್ನು ತೊಳೆಯುವುದಲ್ಲದೆ ಕೆಲವು ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅದರಲ್ಲಿರುವ ಲೈಸೋಜೈಮ್ ಎಂಬ ಕಿಣ್ವವೇ ಇದಕ್ಕೆ ಕಾರಣ. ಜೊಲ್ಲು, ಸಿಂಬಳ, ತಾಯಿಯ ಹಾಲು ಹಾಗೂ ಕೋಳಿಮೊಟ್ಟೆಯ ಬಿಳಿಭಾಗದಲ್ಲಿಯೂ ಇದು ಇದೆ.

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲೇ ಈ ಕಿಣ್ವವನ್ನು ಗುರುತಿಸಿದ್ದರು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, ನೆಗಡಿಯಾಗಿದ್ದಾಗ ತಮ್ಮದೇ ಸಿಂಬಳವನ್ನು ಪರೀಕ್ಷಿಸಿದ ಅವರು ಅದು ಬ್ಯಾಕ್ಟೀರಿಯಾಗಳನ್ನು ಕರಗಿಸುವುದನ್ನು ಕಂಡರು. 1922ರಲ್ಲಿ ಈ ವಿಷಯ ಪ್ರಕಟಿಸಿದರು.

ಗುರುತು ಹಿಡಿಯುವುದು ಹೇಗೆ?

ನಮ್ಮ ಜೀವಕೋಶಗಳಿಗೆ ಗೋಡೆ ಇಲ್ಲ, ತೆಳುವಾದ ಪೊರೆ ಮಾತ್ರ ಇದೆ. ಬಹುತೇಕ ಬ್ಯಾಕ್ಟೀರಿಯಾಗಳಿಗೆ ಪೊರೆಯ ಹೊರಗೆ ಗಟ್ಟಿಯಾದ ಗೋಡೆಯಿದೆ. ಸೈಕಲ್ಲಿನ ಟ್ಯೂಬಿಗೆ ಟಯರು ಇದ್ದಂತೆ ಇದು. ಟಯರು ಹರಿದರೆ ಒಳಗಿನ ಒತ್ತಡಕ್ಕೆ ಟ್ಯೂಬು ಒಡೆಯುವಂತೆ, ಗೋಡೆ ಹರಿದರೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ.

ಈ ಗೋಡೆ ಬಲೆಯಂತಿದೆ. ಎರಡು ಬಗೆಯ ಸಕ್ಕರೆ ಅಣುಗಳನ್ನು ಒಂದಾದ ಮೇಲೊಂದರಂತೆ ಪೋಣಿಸಿದ ಎಳೆಗಳು, ಅವುಗಳನ್ನು ಅಡ್ಡಲಾಗಿ ಬಿಗಿದ ಅಮೈನೋ ಆಮ್ಲದ ಕೊಂಡಿಗಳು. ಇವುಗಳಲ್ಲಿ ಮ್ಯುರಾಮಿಕ್ ಆಮ್ಲದಿಂದಾದ ಸಕ್ಕರೆಯನ್ನು ನಮ್ಮ ದೇಹ ತಯಾರಿಸುವುದಿಲ್ಲ. ಶತ್ರುವಿನ ಗುರುತು ಅದೇ.

ಲೈಸೋಜೈಮಿನ ಮೈ ಧನ ವಿದ್ಯುದಂಶದ್ದು, ಬ್ಯಾಕ್ಟೀರಿಯಾದ ಮೇಲ್ಮೈ ಋಣ ವಿದ್ಯುದಂಶದ್ದು. ಹೀಗಾಗಿ ಎರಡಕ್ಕೂ ಆಕರ್ಷಣೆ. ಕಿಣ್ವದ ಒಂದು ಪಕ್ಕದಲ್ಲಿ ಉದ್ದನೆಯ ಸೀಳು ಇದೆ. ಸಕ್ಕರೆ ಎಳೆಯ ಆರು ಅಣುಗಳು ಅದರಲ್ಲಿ ಸರಿಯಾಗಿ ಕೂರುತ್ತವೆ. ನಾಲ್ಕನೆಯ ಮತ್ತು ಐದನೆಯ ಅಣುವಿನ ನಡುವೆ ಎಳೆ ತುಂಡಾಗುತ್ತದೆ. ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು 1965ರಲ್ಲಿ ಎಕ್ಸ್-ರೇ ಮೂಲಕ ಈ ಕಿಣ್ವದ ಆಕಾರವನ್ನು ತೋರಿಸಿಕೊಟ್ಟರು.

ಬ್ಯಾಕ್ಟೀರಿಯಾದ ಮರುಹೂಟ

ಎಲ್ಲಾ ರೋಗಾಣುಗಳು ಇದಕ್ಕೆ ಬಗ್ಗುವುದಿಲ್ಲ. ಸಾಲ್ಮೊನೆಲ್ಲಾದಂತಹವುಗಳಿಗೆ ಗೋಡೆಯ ಮೇಲೆ ಇನ್ನೊಂದು ಹೊದಿಕೆಯಿದೆ. ಕುರು, ಕೀವುಗಾಯ ಮತ್ತು ದನಗಳ ಕೆಚ್ಚಲು ಬಾವಿಗೆ ಕಾರಣವಾಗುವ ಸ್ಟಾಫಿಲೋಕಾಕಸ್ ಆರಿಯಸ್ ಮ್ಯುರಾಮಿಕ್ ಸಕ್ಕರೆಗೇ ಒಂದು ಸಣ್ಣ ಅಸಿಟೈಲ್ ಗುಂಪನ್ನು ಅಂಟಿಸಿಕೊಂಡಿರುತ್ತದೆ. ಆಗ ಎಳೆ ಸೀಳಿನಲ್ಲಿ ಸರಿಯಾಗಿ ಕೂರುವುದಿಲ್ಲ, ಲೈಸೋಜೈಮ್ ಸೋಲುತ್ತದೆ.

ಆದರೆ ಈ ರೋಗಾಣುವಿಗೂ ಒಂದು ಕತ್ತರಿ ಇದೆ. 1964ರಲ್ಲಿ ವರದಿಯಾದ ಲೈಸೋಸ್ಟಾಫಿನ್ ಎಂಬ ಈ ಕಿಣ್ವ ಅದರದೇ ಜಾತಿಯ ಇನ್ನೊಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಇದರಲ್ಲಿ ಎರಡು ಭಾಗಗಳಿವೆ, ಒಂದು ಹಿಡಿಯುವ ಕೈ, ಇನ್ನೊಂದು ಕತ್ತರಿಸುವ ಅಲಗು. ಸ್ಟಾಫಿಲೋಕಾಕಸ್ ಆರಿಯಸ್‌ನ ಗೋಡೆಯಲ್ಲಿ ಐದು ಗ್ಲೈಸಿನ್ ಅಣುಗಳ ಕೊಂಡಿಗಳಿರುತ್ತವೆ. ಕೈ ಅದನ್ನು ಗುರುತಿಸಿ ಹಿಡಿಯುತ್ತದೆ, ಅಲಗು ಕೊಯ್ಯುತ್ತದೆ. ಇಂಥ ಕೊಂಡಿಯಿಲ್ಲದ ಬ್ಯಾಕ್ಟೀರಿಯಾಗಳಿಗೆ ಅದರಿಂದ ತೊಂದರೆಯಿಲ್ಲ.

ಅಮೆರಿಕದ ವಿಜ್ಞಾನಿಗಳು ಹಾಲಿನಲ್ಲಿ ಈ ಕಿಣ್ವ ಬರುವಂತೆ ಹಸುಗಳ ತಳಿಗುಣ ಬದಲಿಸಿದರು. ಅವುಗಳಿಗೆ ಈ ರೋಗಾಣುವಿನಿಂದ ಬರುವ ಕೆಚ್ಚಲು ಬಾವು ತೀರಾ ಕಡಿಮೆಯಾಯಿತೆಂದು 2005ರಲ್ಲಿ ವರದಿ ಮಾಡಿದರು. ಅದು ಪ್ರಯೋಗಾಲಯದ ಮಾತು.

ಹಾಗೆಂದು ಹಸಿ ಮೊಟ್ಟೆಯ ಬಿಳಿಯನ್ನು ಗಾಯಕ್ಕೆ ಹಚ್ಚುವುದು ಸರಿಯಲ್ಲ. ಅದರಲ್ಲಿ ಸಾಲ್ಮೊನೆಲ್ಲಾ ಇರಬಹುದು. ಕೆಚ್ಚಲು ಬಾವಿಗೆ ಪಶುವೈದ್ಯರು ಹೇಳಿದ ಔಷಧವನ್ನು ಹೇಳಿದಷ್ಟು ದಿನ ಕೊಡಬೇಕು. ಮನಬಂದಂತೆ ಆ್ಯಂಟಿಬಯೋಟಿಕ್ ಬಳಸಿದರೆ ಅದಕ್ಕೆ ಜಗ್ಗದ ರೋಗಾಣುಗಳು ಹೆಚ್ಚುತ್ತವೆ. ಹೊಸ ಕತ್ತರಿಗಳ ಹುಡುಕಾಟ ನಡೆದಿರುವುದೂ ಅದಕ್ಕಾಗಿಯೇ.